ತನ್ನ ಹೆಸರಿನ ಊರಲ್ಲಿ ಮೂರು ತಿಂಗಳೂ ಇರದ ವಕೀಲ: ಮೋಸೆಸ್ ಕ್ಲೀವ್‌ಲ್ಯಾಂಡ್ ಕಥೆ

ಅಮೆರಿಕದ ಓಹಿಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದ ಹೆಸರು ಕೇಳದವರು ಕಡಿಮೆ. ರಾಕ್‌ಫೆಲರ್ ಎಣ್ಣೆ ವ್ಯಾಪಾರ ಶುರು ಮಾಡಿದ ಊರು ಅದು. ಉಕ್ಕಿನ ಕುಲುಮೆಗಳು ಹಗಲಿರುಳು ಉರಿದ ಊರು. ಈ ಹೆಸರು ಎಲ್ಲಿಂದ ಬಂತು ಎಂದರೆ ಬಹಳ ಜನ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಕಡೆ ಕೈ ತೋರಿಸುತ್ತಾರೆ. ಅದು ತಪ್ಪು. ಗ್ರೋವರ್ ಹುಟ್ಟಿದ್ದು 1837ರಲ್ಲಿ. ಅಷ್ಟು ಹೊತ್ತಿಗೆ ಊರಿಗೆ ನಲವತ್ತು ವರ್ಷ ದಾಟಿತ್ತು. ಹೆಸರು ಬಂದದ್ದು ಅದೇ ವಂಶದ ಇನ್ನೊಂದು ಕವಲಿನ ಒಬ್ಬ ಹಳ್ಳಿ ವಕೀಲನಿಂದ. ಆತನ ಹೆಸರು ಮೋಸೆಸ್ ಕ್ಲೀವ್‌ಲ್ಯಾಂಡ್.

ವಿಚಿತ್ರವೆಂದರೆ, ಆತ ಆ ಊರಿನಲ್ಲಿ ಇದ್ದದ್ದು ಮೂರು ತಿಂಗಳೂ ಅಲ್ಲ. 1796ರ ಜುಲೈನಲ್ಲಿ ದೋಣಿಯಿಂದ ಇಳಿದ, ಅಕ್ಟೋಬರ್‌ನಲ್ಲಿ ಹೊರಟುಹೋದ. ಆಮೇಲೆ ಹತ್ತು ವರ್ಷ ಬದುಕಿದ್ದರೂ ಒಮ್ಮೆಯೂ ಆ ಕಡೆ ತಲೆ ಹಾಕಲಿಲ್ಲ.

ಹಳ್ಳಿಯ ಹುಡುಗ, ಯೇಲ್ ಪದವೀಧರ

ಮೋಸೆಸ್ ಹುಟ್ಟಿದ್ದು 1754ರ ಜನವರಿ 29ರಂದು, ಕನೆಕ್ಟಿಕಟ್‌ನ ವಿಂಡಮ್ ಜಿಲ್ಲೆಯ ಕ್ಯಾಂಟರ್ಬರಿ ಎಂಬ ಹಳ್ಳಿಯಲ್ಲಿ. ಆಗ ಕನೆಕ್ಟಿಕಟ್ ಬ್ರಿಟಿಷರ ವಸಾಹತು. ತಂದೆ ಆರನ್ ಸ್ಥಳೀಯ ಪಡೆಯಲ್ಲಿ ಕರ್ನಲ್ ಆಗಿದ್ದವರು, ಊರಿನಲ್ಲಿ ನಾಲ್ಕು ಜನರ ಮಾತಿಗೆ ಸಿಗುವಂಥವರು. ಮಗನನ್ನು ಓದಲು ಯೇಲ್ ಕಾಲೇಜಿಗೆ ಕಳಿಸಿದರು.

ಚೆನ್ನೈನಲ್ಲಿರುವ ಕನ್ನಡಿಗರಿಗೆ ಈ ಕಾಲೇಜಿನ ಹೆಸರು ಸ್ವಲ್ಪ ಹತ್ತಿರದ್ದು. ಎಲಿಹು ಯೇಲ್ ಎಂಬಾತ ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮುಖ್ಯಸ್ಥನಾಗಿದ್ದು, ಅಲ್ಲಿ ಕೈತುಂಬ ದುಡ್ಡು ಮಾಡಿಕೊಂಡು ಇಂಗ್ಲೆಂಡಿಗೆ ಹೋದವನು. 1718ರಲ್ಲಿ ಆತ ಕಳಿಸಿದ ಒಂದಷ್ಟು ಪುಸ್ತಕ, ಒಂಬತ್ತು ಮೂಟೆ ಸರಕಿನ ಋಣಕ್ಕೆ ಕನೆಕ್ಟಿಕಟ್‌ನ ಆ ಬಡ ಕಾಲೇಜು ಆತನ ಹೆಸರಿಟ್ಟುಕೊಂಡಿತು. ಯೇಲ್ ಆ ಕಾಲೇಜನ್ನು ಕಣ್ಣಾರೆ ನೋಡಲೇ ಇಲ್ಲ. ಹೆಸರು ಒಂದು ಕಡೆ, ಮನುಷ್ಯ ಒಂದು ಕಡೆ. ಅಲ್ಲಿ ಓದಿದ ಮೋಸೆಸ್‌ನ ಪಾಡೂ ಮುಂದೆ ಹೆಚ್ಚುಕಡಿಮೆ ಹಾಗೆಯೇ ಆಯಿತು.

ಕಾಲೇಜು ಮುಗಿಯುವಷ್ಟರಲ್ಲಿ ದೇಶದ ತುಂಬ ಯುದ್ಧ. 1777ರಲ್ಲಿ ಪದವಿ, ಅದೇ ವರ್ಷ ಸೇನೆಯಲ್ಲಿ ಕಿರಿಯ ಅಧಿಕಾರಿ. 1779ರಲ್ಲಿ ಹೊಸದಾಗಿ ಕಟ್ಟಿದ ಸ್ಯಾಪರ್ಸ್ ಅಂಡ್ ಮೈನರ್ಸ್ ದಳದಲ್ಲಿ ಕ್ಯಾಪ್ಟನ್ ಆದ. ಕಂದಕ ತೋಡುವುದು, ದಾರಿ ಮಾಡುವುದು, ಕೋಟೆ ಒಡೆಯಲು ಸುರಂಗ ಕೊರೆಯುವುದು ಈ ದಳದ ಕೆಲಸ. ಬಂದೂಕಿಗಿಂತ ಗುದ್ದಲಿಯೇ ಹೆಚ್ಚು. ನೆಲ ನೋಡಿ ಲೆಕ್ಕ ಹಾಕುವ ಕಣ್ಣು ಆತನಿಗೆ ಅಲ್ಲಿ ಬಂದಿರಬೇಕು.

1781ರ ಜೂನ್‌ನಲ್ಲಿ ಆತ ಸೇನೆ ಬಿಟ್ಟ. ಸ್ವಲ್ಪ ಅವಸರವಾಯಿತು ಅನ್ನಬೇಕು. ನಾಲ್ಕೇ ತಿಂಗಳಿಗೆ ಯಾರ್ಕ್‌ಟೌನ್‌ನಲ್ಲಿ ಆತನ ಹಳೆಯ ದಳ ತೋಡಿದ ಕಂದಕಗಳ ಆಚೆ ಲಾರ್ಡ್ ಕಾರ್ನ್‌ವಾಲಿಸ್ ಶರಣಾದ. ಹತ್ತು ವರ್ಷದ ನಂತರ ಬೆಂಗಳೂರು ಕೋಟೆ ಹಿಡಿದು, ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡನಲ್ಲ, ಅದೇ ಕಾರ್ನ್‌ವಾಲಿಸ್.

ಮೋಸೆಸ್ ಊರಿಗೆ ಮರಳಿ ಕ್ಯಾಂಟರ್ಬರಿಯಲ್ಲಿ ವಕೀಲಿಕೆ ಹಿಡಿದ. ಕೆಲಸ ಚೆನ್ನಾಗಿ ನಡೆಯಿತು. ರಾಜ್ಯದ ಶಾಸನಸಭೆಗೆ ಹಲವು ಸಲ ಆರಿಸಿ ಬಂದ. 1788ರಲ್ಲಿ ಅಮೆರಿಕದ ಹೊಸ ಸಂವಿಧಾನಕ್ಕೆ ಒಪ್ಪಿಗೆ ಕೊಡಬೇಕೇ ಬೇಡವೇ ಎಂದು ಕನೆಕ್ಟಿಕಟ್ ಕರೆದ ಸಮಾವೇಶದಲ್ಲಿ ಆತನೂ ಒಬ್ಬ ಪ್ರತಿನಿಧಿ. 1794ರಲ್ಲಿ ಎಸ್ತರ್ ಚಾಂಪಿಯನ್ ಜೊತೆ ಮದುವೆ. 1796ರ ಆರಂಭದಲ್ಲಿ ರಾಜ್ಯದ ನಾಗರಿಕ ಸೇನೆಯಲ್ಲಿ ಬ್ರಿಗೇಡಿಯರ್ ಜನರಲ್ ಪದವಿ. ಅಲ್ಲಿಂದ ಮುಂದೆ ಜನರ ಬಾಯಲ್ಲಿ ಆತ ಜನರಲ್ ಕ್ಲೀವ್‌ಲ್ಯಾಂಡ್. ಮಧ್ಯಮ ಎತ್ತರ, ದಪ್ಪನೆಯ ದೇಹ, ಕಪ್ಪು ಮೈಬಣ್ಣ, ಹೆಚ್ಚು ಮಾತಿಲ್ಲದ ಸ್ವಭಾವ ಎಂದು ಆತನನ್ನು ಬಣ್ಣಿಸುತ್ತಾರೆ. ಇಲ್ಲಿಗೇ ಕಥೆ ಮುಗಿದಿದ್ದರೆ ಜಿಲ್ಲೆಯ ಇತಿಹಾಸದಲ್ಲಿ ಅರ್ಧ ಪುಟಕ್ಕೆ ಸಿಗುವ ಮನುಷ್ಯನಾಗಿ ಉಳಿಯುತ್ತಿದ್ದ.

ಕಾಣದ ಜಮೀನು, ಕೈಯಲ್ಲಿಲ್ಲದ ಹಣ

ಕಥೆ ಮುಂದುವರಿಯಲು ಕಾರಣ ಒಂದು ಹಳೆಯ ಕಾಗದ. 1662ರಲ್ಲಿ ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್ ಕನೆಕ್ಟಿಕಟ್‌ಗೆ ಕೊಟ್ಟ ಸನ್ನದಿನಲ್ಲಿ ಪಶ್ಚಿಮದ ಗಡಿ ಸಮುದ್ರ ಎಂದಿತ್ತು. ಎಂದರೆ ಪೆಸಿಫಿಕ್ ಸಾಗರ! ನಡುವೆ ಎಷ್ಟು ಸಾವಿರ ಮೈಲಿ ಇದೆ, ಅಲ್ಲಿ ಯಾರಿದ್ದಾರೆ ಎಂಬುದು ರಾಜನಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಇಂಥ ಹಕ್ಕುಗಳನ್ನೆಲ್ಲ ಕೇಂದ್ರಕ್ಕೆ ಬಿಟ್ಟುಕೊಡಿ ಎಂದು ರಾಜ್ಯಗಳ ಮೇಲೆ ಒತ್ತಡ ಬಂತು. ಕನೆಕ್ಟಿಕಟ್ 1786ರಲ್ಲಿ ಒಪ್ಪಿತು, ಆದರೆ ಪೂರ್ತಿ ಬಿಡಲಿಲ್ಲ. ಪೆನ್ಸಿಲ್ವೇನಿಯಾ ಗಡಿಯಿಂದ ಪಶ್ಚಿಮಕ್ಕೆ 120 ಮೈಲಿ, ಈರಿ ಸರೋವರದ ದಂಡೆಗುಂಟ ಒಂದು ಪಟ್ಟಿಯನ್ನು ತನಗೇ ಉಳಿಸಿಕೊಂಡಿತು. ಅದಕ್ಕೇ ವೆಸ್ಟರ್ನ್ ರಿಸರ್ವ್ ಎಂಬ ಹೆಸರು. ಜನ ಪ್ರೀತಿಯಿಂದ ಹೊಸ ಕನೆಕ್ಟಿಕಟ್ ಎಂದೂ ಕರೆದರು.

ಅದರ ಪಶ್ಚಿಮ ತುದಿಯ 5 ಲಕ್ಷ ಎಕರೆಯನ್ನು ಯುದ್ಧದಲ್ಲಿ ಬ್ರಿಟಿಷರು ಮನೆ ಸುಟ್ಟ ಊರುಗಳ ಜನರಿಗೆ ಪರಿಹಾರವಾಗಿ ಎತ್ತಿಟ್ಟರು. ಉಳಿದದ್ದನ್ನು, ಸುಮಾರು 30 ಲಕ್ಷ ಎಕರೆ ಇರಬಹುದೆಂದು ಅಂದಾಜಿಸಿ, 1795ರಲ್ಲಿ ಮಾರಾಟಕ್ಕಿಟ್ಟರು. ಕೊಂಡದ್ದು ಕನೆಕ್ಟಿಕಟ್ ಲ್ಯಾಂಡ್ ಕಂಪನಿ. ಬೆಲೆ 12 ಲಕ್ಷ ಡಾಲರ್, ಎಕರೆಗೆ 40 ಸೆಂಟ್. ನಗದು ಎಣಿಸಿ ಕೊಟ್ಟವರು ಯಾರೂ ಇಲ್ಲ. ಪಾಲುದಾರರು ಸಾಲಪತ್ರ ಬರೆದುಕೊಟ್ಟರು, ಜಮೀನು ಮಾರಿ ಬಂದ ಹಣದಲ್ಲಿ ತೀರಿಸುವ ಲೆಕ್ಕ. ರಿಯಲ್ ಎಸ್ಟೇಟ್ ವ್ಯವಹಾರ ಅಂದಿನಿಂದ ಇಂದಿನವರೆಗೆ ಹೆಚ್ಚೇನೂ ಬದಲಾಗಿಲ್ಲ. ಒಂದು ಮಾತ್ರ ಒಳ್ಳೆಯದಾಯಿತು. ಆ ಹಣದ ಬಡ್ಡಿಯೆಲ್ಲ ಶಾಲೆಗಳಿಗೆ ಎಂದು ರಾಜ್ಯ ಕಾನೂನು ಮಾಡಿತು. ಕನೆಕ್ಟಿಕಟ್‌ನ ಶಾಲಾ ನಿಧಿ ಬೆಳೆದದ್ದು ಈ ದುಡ್ಡಿನಿಂದ.

ಮೋಸೆಸ್ ಈ ಕಂಪನಿಯಲ್ಲಿ 32,600 ಡಾಲರ್ ತೊಡಗಿಸಿದ. ಹಳ್ಳಿ ವಕೀಲನಿಗೆ ಅದು ಹುಡುಗಾಟದ ಮೊತ್ತವಲ್ಲ. ಏಳು ನಿರ್ದೇಶಕರಲ್ಲಿ ಆತನೂ ಒಬ್ಬ. ಜಮೀನನ್ನು ಅಳೆದು, ಭಾಗ ಮಾಡಿ, ಊರುಗಳನ್ನು ಗುರುತಿಸಿ ಬರಲು ಒಬ್ಬ ಮುಖ್ಯಸ್ಥ ಬೇಕಾಗಿದ್ದ. ಕಾನೂನು ಗೊತ್ತಿರಬೇಕು, ಸೈನ್ಯದ ಶಿಸ್ತು ಇರಬೇಕು, ಅಲ್ಲಿನ ಮೂಲನಿವಾಸಿಗಳ ಜೊತೆ ಮಾತುಕತೆ ನಡೆಸಬಲ್ಲವನಾಗಿರಬೇಕು. 1796ರ ಮೇ ತಿಂಗಳಲ್ಲಿ ಕಂಪನಿ ಆ ಅಧಿಕಾರಪತ್ರವನ್ನು ಮೋಸೆಸ್ ಕೈಗಿತ್ತಿತು. ಆಗ ವಯಸ್ಸು 42.

ಐವತ್ತು ಜನರ ದಂಡು

ತಂಡದಲ್ಲಿ ಸುಮಾರು 50 ಜನ. ಮುಖ್ಯ ಸರ್ವೆಯರ್ ಆಗಸ್ಟಸ್ ಪೋರ್ಟರ್. ನಕ್ಷತ್ರ ನೋಡಿ ಅಕ್ಷಾಂಶ ಹೇಳಬಲ್ಲ ಸೇತ್ ಪೀಸ್. ಊಟ, ಸಾಮಾನು, ದೋಣಿಗಳ ಹೊಣೆ ಜೋಶುವಾ ಸ್ಟೋನದು. ಒಬ್ಬ ವೈದ್ಯ, ಸರಪಳಿ ಹಿಡಿಯುವವರು, ಮರ ಕಡಿಯುವವರು, ದೋಣಿ ನಡೆಸುವವರು. ಗಂಡಂದಿರ ಜೊತೆ ಹೊರಟ ಇಬ್ಬರು ಹೆಂಗಸರೂ ಇದ್ದರು: ಆನಾ ಗನ್ ಮತ್ತು ತಬಿತಾ ಸ್ಟೈಲ್ಸ್.

ನ್ಯೂಯಾರ್ಕ್‌ನ ಸ್ಕೆನೆಕ್ಟಡಿಯಿಂದ ಮೊಹಾಕ್ ನದಿಯ ಮೇಲೆ ದೋಣಿಗಳು ಹೊರಟವು. ನಡುವೆ ನೀರು ಮುಗಿದಲ್ಲಿ ದೋಣಿಯನ್ನೇ ನೆಲದ ಮೇಲೆ ಎಳೆಯಬೇಕು. ಮುಂದೆ ಆಸ್ವೀಗೊ ಕೋಟೆ. ಯುದ್ಧ ಮುಗಿದು ಹದಿಮೂರು ವರ್ಷವಾಗಿದ್ದರೂ ಆ ಕೋಟೆಯಲ್ಲಿ ಇನ್ನೂ ಬ್ರಿಟಿಷ್ ಪಹರೆ. ಬಿಟ್ಟುಕೊಡುವ ಒಪ್ಪಂದವಾಗಿತ್ತು, ಆದರೆ ಹಸ್ತಾಂತರ ಆಗಿರಲಿಲ್ಲ. ಅಮೆರಿಕದ ದೋಣಿಗಳನ್ನು ಬಿಡುವಂತಿಲ್ಲ ಎಂದರು. ಸ್ಟೋ ಹಗಲು ಸುಮ್ಮನಿದ್ದು, ಕತ್ತಲಾದ ಮೇಲೆ ಕೋಟೆಯ ಬುಡದಲ್ಲೇ ಸದ್ದಿಲ್ಲದೆ ದೋಣಿಗಳನ್ನು ದಾಟಿಸಿಬಿಟ್ಟ. ಇನ್ನು ಕೆಲವು ವಾರ ಕಾದಿದ್ದರೆ ಕೋಟೆಯ ಮೇಲೆ ಅಮೆರಿಕದ ಬಾವುಟವೇ ಹಾರುತ್ತಿತ್ತು. ಆದರೆ ಸರ್ವೆ ಕೆಲಸಕ್ಕೆ ಬೇಸಿಗೆ ಬಿಟ್ಟರೆ ಬೇರೆ ಕಾಲವಿಲ್ಲ.

ಮೋಸೆಸ್ ಭೂಮಾರ್ಗವಾಗಿ ಬಫಲೊ ತಲುಪಿದ್ದ. ಅಲ್ಲಿ ಆತನಿಗೆ ಬೇರೆಯೇ ಪರೀಕ್ಷೆ ಕಾದಿತ್ತು.

ನೆಲ ಯಾರದು?

ಕಂಪನಿಯ ಕೈಯಲ್ಲಿದ್ದ ಕಾಗದಗಳ ಪ್ರಕಾರ ನೆಲ ಕಂಪನಿಯದು. ಹಿಂದಿನ ವರ್ಷವಷ್ಟೇ, 1795ರ ಆಗಸ್ಟ್‌ನಲ್ಲಿ, ಗ್ರೀನ್‌ವಿಲ್‌ನಲ್ಲಿ ಸೋತ ಮೂಲನಿವಾಸಿ ಕುಲಗಳು ಕಯಹೋಗಾ ನದಿಯ ಪೂರ್ವದ ನೆಲವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟು ಸಹಿ ಹಾಕಿದ್ದವು. ಆದರೆ ನ್ಯೂಯಾರ್ಕ್ ಕಡೆಯ ಇರೊಕ್ವಾ ಒಕ್ಕೂಟದ ಆರು ಕುಲಗಳು ಆ ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ. ಈ ನೆಲದ ಮೇಲೆ ತಮಗೂ ಹಕ್ಕಿದೆ, ನಮ್ಮನ್ನು ಕೇಳದೆ ಯಾರೂ ಅಳೆಯುವಂತಿಲ್ಲ ಎಂಬುದು ಅವರ ವಾದ.

ಜೂನ್ ಕೊನೆಯಲ್ಲಿ ಬಫಲೊ ಕ್ರೀಕ್ ಹತ್ತಿರ ಸಭೆ ಸೇರಿತು. ಆ ಕಡೆ ಕುಳಿತವರು ಸಾಮಾನ್ಯರಲ್ಲ. ಮೊಹಾಕ್ ನಾಯಕ ಜೋಸೆಫ್ ಬ್ರಾಂಟ್ ಲಂಡನ್ನಿಗೆ ಹೋಗಿ ರಾಜನನ್ನು ಕಂಡು ಬಂದವನು, ಇಂಗ್ಲಿಷ್ ಓದು ಬರಹ ಬಲ್ಲವನು. ಸೆನೆಕಾ ಕುಲದ ರೆಡ್ ಜಾಕೆಟ್ ಆ ಕಾಲದ ಅತಿ ದೊಡ್ಡ ವಾಗ್ಮಿಗಳಲ್ಲಿ ಒಬ್ಬ. ಎದುರಿಗೆ ಕ್ಯಾಂಟರ್ಬರಿಯ ವಕೀಲ. ಚೌಕಾಸಿ ಒಂದೆರಡು ದಿನಕ್ಕೆ ಮುಗಿಯಲಿಲ್ಲ. ಕೊನೆಗೆ 500 ಪೌಂಡ್ ಬೆಲೆಯ ಸರಕು, ಎರಡು ದನ, 100 ಗ್ಯಾಲನ್ ವಿಸ್ಕಿ ಕೊಡುವುದೆಂದು ತೀರ್ಮಾನವಾಯಿತು.

ಲೆಕ್ಕ ಹಾಕಿ ನೋಡಿ. ಕನೆಕ್ಟಿಕಟ್ ರಾಜ್ಯಕ್ಕೆ ಈ ನೆಲದ ಬೆಲೆ 12 ಲಕ್ಷ ಡಾಲರ್. ಅಲ್ಲಿ ಬೇಟೆಯಾಡಿ, ಜೋಳ ಬೆಳೆದು, ತಮ್ಮವರನ್ನು ಹೂತಿದ್ದ ಜನರಿಗೆ ಒಂದಿಷ್ಟು ಸರಕು, ಮಾಂಸ, ಹೆಂಡ. ಮೋಸೆಸ್ ಮೋಸಗಾರನಾಗಿರಲಿಲ್ಲ. ಬಂದೂಕು ತೋರಿಸಲಿಲ್ಲ, ಸುಳ್ಳು ಸಹಿ ಹಾಕಿಸಲಿಲ್ಲ. ಆ ಕಾಲದ ಇತರ ಜಮೀನು ಕಂಪನಿಗಳ ಏಜೆಂಟರಿಗೆ ಹೋಲಿಸಿದರೆ ಆತನ ನಡವಳಿಕೆ ಸಭ್ಯವೇ. ಆದರೂ ಒಳ್ಳೆಯ ವಕೀಲನೊಬ್ಬ ತನ್ನ ಕಕ್ಷಿದಾರನಿಗಾಗಿ ಅಗ್ಗದ ರಾಜಿ ಮಾಡಿಸಿಕೊಟ್ಟ ಎಂಬುದಕ್ಕಿಂತ ಹೆಚ್ಚಿನದೇನನ್ನೂ ಆ ದಿನದ ಬಗ್ಗೆ ಹೇಳಲು ಬರುವುದಿಲ್ಲ. ಕಯಹೋಗಾದ ಪಶ್ಚಿಮ ದಡ ಮಾತ್ರ ಇನ್ನೂ ಒಂಬತ್ತು ವರ್ಷ, 1805ರವರೆಗೆ, ಮೂಲನಿವಾಸಿಗಳದ್ದೇ ಆಗಿ ಉಳಿಯಿತು.

ಹದಿನಾರನೇ ಗುಂಡು

ಜುಲೈ 4ರ ಸಂಜೆ ತಂಡ ರಿಸರ್ವ್‌ನ ಪೂರ್ವ ತುದಿಯ ಕಾನಿಯಾಟ್ ತೊರೆಯ ಬಾಯಿಗೆ ಬಂದು ಇಳಿಯಿತು. ಸ್ವಾತಂತ್ರ್ಯಕ್ಕೆ ಸರಿಯಾಗಿ ಇಪ್ಪತ್ತು ವರ್ಷ. ಜಾಗಕ್ಕೆ ಪೋರ್ಟ್ ಇಂಡಿಪೆಂಡೆನ್ಸ್ ಎಂದು ಹೆಸರಿಟ್ಟು, ದೇಶದ ಹದಿನೈದು ರಾಜ್ಯಗಳ ಗೌರವಕ್ಕೆ ಹದಿನೈದು ಸುತ್ತು ಗುಂಡು ಹಾರಿಸಿದರು. ಹದಿನಾರನೆಯದು ಹೊಸ ಕನೆಕ್ಟಿಕಟ್‌ಗೆ. ಪಾಪ, ಟೆನೆಸಿ ಒಂದು ತಿಂಗಳ ಹಿಂದೆಯೇ ಹದಿನಾರನೇ ರಾಜ್ಯವಾಗಿತ್ತು. ಕಾಡಿನಲ್ಲಿದ್ದವರ ಲೆಕ್ಕದಲ್ಲಿ ಅದು ಸೇರಲಿಲ್ಲ. ಆರು ಸಲ ಲೋಟ ಎತ್ತಿ, ಕುಡಿದು, ಯಾವ ಗಲಾಟೆಯೂ ಇಲ್ಲದೆ ಎಲ್ಲರೂ ಮಲಗಿದರೆಂದು ಮೋಸೆಸ್ ತನ್ನ ದಿನಚರಿಯಲ್ಲಿ ಬರೆದುಕೊಂಡ. ಗಲಾಟೆ ಆಗಲಿಲ್ಲ ಎಂಬುದನ್ನು ದಾಖಲಿಸಬೇಕು ಅನ್ನಿಸಿತಲ್ಲ, ಆ ವಕೀಲಬುದ್ಧಿ ನೋಡಿ.

ಮಾರನೇ ದಿನದಿಂದ ಕೆಲಸ. ಸರ್ವೆಯರ್‌ಗಳು ಪೆನ್ಸಿಲ್ವೇನಿಯಾ ಗಡಿ ಹಿಡಿದು ದಕ್ಷಿಣಕ್ಕೆ 41ನೇ ಅಕ್ಷಾಂಶದ ತನಕ ನಡೆದು, ಅಲ್ಲಿಂದ ಐದೈದು ಮೈಲಿಗೆ ಒಂದರಂತೆ ಉತ್ತರಕ್ಕೆ ಗೆರೆ ಎಳೆಯತೊಡಗಿದರು. ಐದು ಮೈಲಿ ಉದ್ದ, ಐದು ಮೈಲಿ ಅಗಲ, ಒಂದೊಂದು ಚೌಕವೂ ಒಂದೊಂದು ಟೌನ್‌ಶಿಪ್, 16,000 ಎಕರೆ. ಇಂದು ಓಹಿಯೋದ ಈಶಾನ್ಯ ಮೂಲೆಯ ಹತ್ತಾರು ಊರುಗಳ ಎಲ್ಲೆ ಹುಟ್ಟಿದ್ದು ಹೀಗೆ. ಜೌಗು, ಸೊಳ್ಳೆ, ದಟ್ಟ ಬೀಚ್ ಮರಗಳ ಕಾಡು, ಆಗಾಗ ಮುಗಿದುಹೋಗುವ ಹಿಟ್ಟು. ಕಾಗದದ ಮೇಲಿನ ನೇರ ಗೆರೆಗೆ ನೆಲದ ಮೇಲೆ ಮೈಯೆಲ್ಲ ರಕ್ತ ಬರುತ್ತಿತ್ತು.

ಮೋಸೆಸ್ ಒಂದು ಚಿಕ್ಕ ಗುಂಪಿನೊಡನೆ ದೋಣಿಯಲ್ಲಿ ದಂಡೆಗುಂಟ ಪಶ್ಚಿಮಕ್ಕೆ ಹೊರಟ. ಕಂಪನಿಯ ರಾಜಧಾನಿಯಂಥ ಒಂದು ಪೇಟೆಗೆ ಜಾಗ ಹುಡುಕಬೇಕಿತ್ತು. ಜುಲೈ 22ರಂದು ಕಯಹೋಗಾ ನದಿ ಸರೋವರ ಸೇರುವಲ್ಲಿ ಇಳಿದು ಪೂರ್ವದ ದಡ ಹತ್ತಿದ. ಮೇಲೆ ಸಮತಟ್ಟಾದ ಎತ್ತರದ ನೆಲ, ಕೆಳಗೆ ನದಿ, ಎದುರಿಗೆ ಸಮುದ್ರದಂಥ ಸರೋವರ. ನದಿಯ ಬಾಯಿಯಲ್ಲಿ ಮರಳು ದಿಬ್ಬ ಕಟ್ಟಿತ್ತು, ತಗ್ಗಿನಲ್ಲಿ ನೀರು ನಿಂತಿತ್ತು. ಆದರೂ ಒಳನಾಡಿಗೆ ಹೋಗುವ ನದಿದಾರಿ, ದೊಡ್ಡ ಸರೋವರದ ಬಂದರು, ಆಚೆ ದಡದಲ್ಲಿ ಕಂಪನಿಯ ಹಕ್ಕಿನ ಗಡಿ, ಎಲ್ಲವೂ ಕೂಡುವ ಜಾಗ ಇದೊಂದೇ. ಆತನ ಬದುಕಿನ ಅತಿ ದೊಡ್ಡ ನಿರ್ಧಾರ ಅದು. ಸರಿಯಾಗಿಯೇ ಮಾಡಿದ.

ಊರಿನ ನಕ್ಷೆ ನೋಡಿದರೆ ನಗು ಬರುತ್ತದೆ. ಒಂದು ಮನೆಯೂ ಇಲ್ಲದ ಕಾಡಿನಲ್ಲಿ ಸುಮಾರು 10 ಎಕರೆಯ ಸಾರ್ವಜನಿಕ ಮೈದಾನ. ಸುತ್ತ ಎರಡೆರಡು ಎಕರೆಯ 220 ನಿವೇಶನಗಳು. ಮುಖ್ಯ ರಸ್ತೆ ಸುಪೀರಿಯರ್ ಸ್ಟ್ರೀಟ್‌ನ ಅಗಲ 132 ಅಡಿ. ಸರ್ವೆಯರ್‌ನ ಸರಪಳಿ 66 ಅಡಿ, ಅದರ ಸರಿಯಾಗಿ ಎರಡು ಅಳತೆ. ಉಳಿದ ಬೀದಿಗಳು 99 ಅಡಿ, ಒಂದೂವರೆ ಸರಪಳಿ. ನಡುವೆ ಮೈದಾನ ಬಿಡುವ ಪದ್ಧತಿ ಕನೆಕ್ಟಿಕಟ್ ಹಳ್ಳಿಗಳದು. ಹುಟ್ಟೂರಿನ ಚಿತ್ರವನ್ನು ದೊಡ್ಡದು ಮಾಡಿ ಕಾಡಿನ ಮೇಲೆ ಹಾಸಿದಂತಿತ್ತು. ಊರಿಗೆ ಏನು ಹೆಸರು ಎಂಬ ಪ್ರಶ್ನೆ ಬಂದಾಗ ಸರ್ವೆಯರ್‌ಗಳು ತಮ್ಮ ಮುಖ್ಯಸ್ಥನ ಹೆಸರನ್ನೇ ಇಟ್ಟರು.

ಕಾಡಿನಲ್ಲಿ ಮುಷ್ಕರ

ಹೆಸರಿಟ್ಟ ಅದೇ ಕೆಲಸಗಾರರು ಸೆಪ್ಟೆಂಬರ್ ಹೊತ್ತಿಗೆ ತಿರುಗಿಬಿದ್ದರು. ಕೂಲಿ ಕಡಿಮೆ, ಊಟ ಸರಿಯಿಲ್ಲ, ಜ್ವರ ಬೇರೆ. ಮೋಸೆಸ್ ಎದುರು ಎರಡು ದಾರಿಗಳಿದ್ದವು. ಜನರಲ್ ಆಗಿ ಗದರಿಸುವುದು, ಇಲ್ಲವೇ ವಕೀಲನಾಗಿ ಕರಾರು ಬರೆಯುವುದು. ಎರಡನೆಯದನ್ನು ಆರಿಸಿಕೊಂಡ. ಸೆಪ್ಟೆಂಬರ್ 30ರಂದು ಕಯಹೋಗಾ ದಡದಲ್ಲಿ 41 ಜನರ ಜೊತೆ ಒಪ್ಪಂದವಾಯಿತು. ವರ್ಷದ ಕೆಲಸ ಪೂರೈಸಿ, ಅಲ್ಲೇ ನೆಲೆಸಿ, ಮನೆ ಕಟ್ಟಿ, ಗೋಧಿ ಬಿತ್ತುವವರಿಗೆ ಒಂದು ಇಡೀ ಟೌನ್‌ಶಿಪ್ ಎಕರೆಗೆ ಒಂದು ಡಾಲರ್‌ನಂತೆ. ಸರ್ವೆಯರ್‌ಗಳ ಕುಲದೇವರು ಯಾರು? ರೇಖಾಗಣಿತದ ಯೂಕ್ಲಿಡ್. ಆ ಟೌನ್‌ಶಿಪ್‌ಗೆ ಯೂಕ್ಲಿಡ್ ಎಂದೇ ಹೆಸರಾಯಿತು, ಇಂದಿಗೂ ಅದು ಕ್ಲೀವ್‌ಲ್ಯಾಂಡ್ ಪಕ್ಕದ ಊರು. ಕಂಪನಿ ಎಕರೆಗೆ 40 ಸೆಂಟ್ ಕೊಟ್ಟ ನೆಲವನ್ನೇ ಮುಷ್ಕರ ಹೂಡಿದವರಿಗೆ ಒಂದು ಡಾಲರ್‌ಗೆ ಮಾರಿ ಸಮಾಧಾನ ಮಾಡಿದ್ದು ಚಾಣಾಕ್ಷತನವೇ ಸರಿ. ಆದರೆ ಸಹಿ ಹಾಕಿದವರಲ್ಲಿ ಹೆಚ್ಚಿನವರು ಆ ಷರತ್ತುಗಳನ್ನು ಪೂರೈಸಲೇ ಇಲ್ಲ.

ಅಕ್ಟೋಬರ್‌ನಲ್ಲಿ ಚಳಿ ಶುರುವಾಯಿತು. ಅಂದುಕೊಂಡಿದ್ದರಲ್ಲಿ ಬಹಳಷ್ಟು ಕೆಲಸ ಬಾಕಿ ಉಳಿದಿತ್ತು. ಆದರೂ ಮೋಸೆಸ್ ತಂಡವನ್ನು ಕಟ್ಟಿಕೊಂಡು ಪೂರ್ವಕ್ಕೆ ಹೊರಟ. ಹೊಸ ಪೇಟೆಯಲ್ಲಿ ಚಳಿಗಾಲ ಕಳೆಯಲು ಉಳಿದದ್ದು ಸ್ಟೈಲ್ಸ್ ದಂಪತಿ ಮತ್ತು ಇನ್ನೊಬ್ಬ, ಒಟ್ಟು ಮೂರೇ ಜನ. ಹತ್ತಿರದ ಸೆನೆಕಾ ಬೇಟೆಗಾರರು ಮಾಂಸ ತಂದು ಕೊಡದಿದ್ದರೆ ಅವರ ಗತಿ ಏನಾಗುತ್ತಿತ್ತೋ.

ಕಾನಿಯಾಟ್‌ನಲ್ಲಿ ಇದ್ದವರಿಗೆ ಅಷ್ಟೂ ಅದೃಷ್ಟವಿರಲಿಲ್ಲ. ಸರ್ವೆ ತಂಡದ ಹಿಂದೆಯೇ ಸ್ವಂತ ಧೈರ್ಯದಿಂದ ಬಂದಿದ್ದ ಜೇಮ್ಸ್ ಕಿಂಗ್ಸ್‌ಬರಿ ಎಂಬಾತ ಹೆಂಡತಿ ಯೂನಿಸ್ ಮತ್ತು ಮಕ್ಕಳೊಡನೆ ಅಲ್ಲಿನ ಮರದ ಗುಡಿಸಲಲ್ಲಿ ನೆಲೆಸಿದ್ದ. ಕೆಲಸದ ಮೇಲೆ ನ್ಯೂಯಾರ್ಕ್ ಕಡೆ ಹೋದವನು ಕಾಯಿಲೆ ಬಿದ್ದು, ಹಿಮದಲ್ಲಿ ಸಿಕ್ಕಿ, ಮರಳುವುದು ತಡವಾಯಿತು. ಇತ್ತ ಯೂನಿಸ್‌ಗೆ ಹೆರಿಗೆಯಾಯಿತು. ತಿನ್ನಲು ಇಲ್ಲದೆ ತಾಯಿಯ ಹಾಲು ಬತ್ತಿತು. ಜೇಮ್ಸ್ ಬಂದ ಮೇಲೂ ಮಗು ಉಳಿಯಲಿಲ್ಲ. ವೆಸ್ಟರ್ನ್ ರಿಸರ್ವ್‌ನ ಇತಿಹಾಸ ಬರೆದವರೆಲ್ಲ ಈ ಸಾವನ್ನು ಬರೆದಿದ್ದಾರೆ. ಮರುವರ್ಷ ಆ ಕುಟುಂಬ ಕ್ಲೀವ್‌ಲ್ಯಾಂಡ್‌ಗೆ ಬಂತು. ಜೇಮ್ಸ್ ಮುಂದೆ ನ್ಯಾಯಾಧೀಶನಾದ.

ಹಾರ್ಟ್‌ಫರ್ಡ್‌ನಲ್ಲಿ ಕುಳಿತಿದ್ದ ಪಾಲುದಾರರ ಚಿಂತೆ ಬೇರೆ. ಅಳೆದು ಮುಗಿಸಿದಾಗ ಗೊತ್ತಾಯಿತು, ಈರಿ ಸರೋವರದ ದಂಡೆ ನಕ್ಷೆಯಲ್ಲಿ ಅಂದುಕೊಂಡದ್ದಕ್ಕಿಂತ ದಕ್ಷಿಣಕ್ಕೆ ಬಾಗಿತ್ತು. 30 ಲಕ್ಷ ಎಕರೆ ಎಂದು ಕೊಂಡದ್ದರಲ್ಲಿ ಒಂದಷ್ಟು ನೀರೇ! ಇನ್ನೊಂದು ತೊಡಕು ಶುದ್ಧ ಕಾನೂನಿನದು. ನೆಲವೇನೋ ಕಂಪನಿ ಕೊಂಡಿತ್ತು, ಅಲ್ಲಿ ಆಡಳಿತ ಯಾರದು? ಕನೆಕ್ಟಿಕಟ್‌ದೋ, ಕೇಂದ್ರದ್ದೋ? ಇತ್ಯರ್ಥವಾಗದೆ ಕ್ರಯಪತ್ರ ನೋಂದಾಯಿಸುವ ಕಚೇರಿಯಿಲ್ಲ, ಕೋರ್ಟಿಲ್ಲ, ಅಮಲ್ದಾರನಿಲ್ಲ. ಇಂಥ ಜಮೀನನ್ನು ಯಾರು ಕೊಳ್ಳುತ್ತಾರೆ? 1800ರಲ್ಲಿ ಕನೆಕ್ಟಿಕಟ್ ಆಡಳಿತದ ಹಕ್ಕು ಬಿಟ್ಟುಕೊಟ್ಟು, ಪ್ರತಿಯಾಗಿ ಕೇಂದ್ರ ಸರ್ಕಾರ ಕಂಪನಿಯ ಕ್ರಯವನ್ನು ಮಾನ್ಯ ಮಾಡಿದ ಮೇಲಷ್ಟೇ ಗಂಟು ಬಿಚ್ಚಿತು.

ಊರಿನಲ್ಲಿ ನಿಂತವರನ್ನು ನದಿಯ ತಗ್ಗಿನ ಚಳಿಜ್ವರ ಹಿಡಿಯಿತು. ಅದು ಮಲೇರಿಯಾ. ಕಿಂಗ್ಸ್‌ಬರಿ, ಗನ್ ಕುಟುಂಬಗಳು ದೂರದ ದಿಬ್ಬಕ್ಕೆ ಮನೆ ಬದಲಿಸಿದವು. ಒಂದು ಹಂತದಲ್ಲಿ 220 ನಿವೇಶನಗಳ ಆ ನಗರದಲ್ಲಿ ಉಳಿದದ್ದು ಲೊರೆಂಜೊ ಕಾರ್ಟರ್ ಎಂಬ ಗಟ್ಟಿಗನ ಒಂದೇ ಸಂಸಾರ. ಹೆಂಡದ ವ್ಯಾಪಾರ, ಚರ್ಮದ ವ್ಯಾಪಾರ, ದಾರಿಹೋಕರಿಗೆ ಊಟ, ಜಗಳ ಬಿಡಿಸುವುದು, ಎಲ್ಲದಕ್ಕೂ ಅವನೇ. ಊರಿಗೆ ಹೆಸರು ಕೊಟ್ಟವನು ಮೋಸೆಸ್, ಊರನ್ನು ಬಿಡದೆ ಹಿಡಿದುಕೊಂಡವನು ಕಾರ್ಟರ್. ಚಿಕ್ಕ ಊರುಗಳ ಚರಿತ್ರೆಯಲ್ಲಿ ಈ ಎರಡನೇ ಬಗೆಯವರ ಪ್ರತಿಮೆ ನಿಲ್ಲುವುದು ಅಪರೂಪ.

ಕಪ್ಪೆಗಳ ಊರಿನಷ್ಟು ದೊಡ್ಡದು

ಮೋಸೆಸ್ ಕ್ಯಾಂಟರ್ಬರಿಗೆ ಮರಳಿ ಹಳೆಯ ವಕೀಲಿಕೆ ಮುಂದುವರಿಸಿದ. ನಾಲ್ಕು ಮಕ್ಕಳ ಸಂಸಾರ. ಕಂಪನಿಯ ವ್ಯವಹಾರ ನೋಡುತ್ತಿದ್ದ, ಆದರೆ ಪಶ್ಚಿಮಕ್ಕೆ ಮತ್ತೆ ಹೋಗಲಿಲ್ಲ. 1797ರ ಸರ್ವೆ ತಂಡಕ್ಕೆ ಬೇರೆ ಮುಖ್ಯಸ್ಥ ಬಂದ.

ತನ್ನ ಹೆಸರಿನ ಊರಿನ ಬಗ್ಗೆ ಆತ ಇಟ್ಟುಕೊಂಡಿದ್ದ ಆಸೆ ಎಷ್ಟು? ಈಗ ಹುಟ್ಟಿರುವ ಮಗು ಮುದುಕನಾಗುವಷ್ಟರಲ್ಲಿ ಆ ಪೇಟೆ ನಮ್ಮ ವಿಂಡಮ್‌ನಷ್ಟು ದೊಡ್ಡದಾಗಬಹುದು ಎಂದು ಊರವರಿಗೆ ಹೇಳುತ್ತಿದ್ದನಂತೆ. ವಿಂಡಮ್ ಎಂದರೆ ಜಿಲ್ಲೆಯ ಪೇಟೆ. ಒಂದು ರಾತ್ರಿ ಕೊಳದ ಕಪ್ಪೆಗಳ ಕೂಗನ್ನು ಶತ್ರುಗಳ ದಂಡೆಂದು ತಿಳಿದು ಊರಿಗೆ ಊರೇ ಬಂದೂಕು ಹಿಡಿದು ಎದ್ದ ಕಥೆಗಾಗಿ ಹೆಸರಾದ ಊರದು. ಮೋಸೆಸ್ ಹುಟ್ಟಿದ ವರ್ಷವೇ ಅದು ನಡೆದದ್ದೆಂದು ಹೇಳುತ್ತಾರೆ. ಕ್ಲೀವ್‌ಲ್ಯಾಂಡ್ ವಿಂಡಮ್‌ನಷ್ಟು ಬೆಳೆಯುತ್ತದೆ ಎಂಬ ಮಾತು ಕೇಳಿದವರು ಅದನ್ನೂ ಅತಿಯಾಯಿತು ಅಂದುಕೊಂಡಿದ್ದರೆ ತಪ್ಪಿಲ್ಲ.

1806ರ ನವೆಂಬರ್ 16ರಂದು ಮೋಸೆಸ್ ತೀರಿಕೊಂಡ. 52 ವರ್ಷ. ಆಗ ಆತನ ಹೆಸರಿನ ಊರು ಎಂದರೆ ದಿಬ್ಬದ ಮೇಲಿನ ಬೆರಳೆಣಿಕೆಯ ಮನೆಗಳು, ಮೈದಾನದಲ್ಲಿ ಇನ್ನೂ ಕೀಳದ ಮರದ ಬೊಡ್ಡೆಗಳು. ಹಣ ಹಾಕಿದ ಕಂಪನಿ 1809ರಲ್ಲಿ ಮುಚ್ಚಿತು. 1820ರ ಜನಗಣತಿಯಲ್ಲೂ ಕ್ಲೀವ್‌ಲ್ಯಾಂಡ್ ಜನಸಂಖ್ಯೆ 606 ಅಷ್ಟೇ.

ನಂತರ ಕಾಲುವೆ ಬಂತು. ಸರೋವರವನ್ನೂ ಓಹಿಯೋ ನದಿಯನ್ನೂ ಕೂಡಿಸುವ ಓಹಿಯೋ ಅಂಡ್ ಈರಿ ಕಾಲುವೆಯ ಮೊದಲ ಭಾಗ, ಕ್ಲೀವ್‌ಲ್ಯಾಂಡ್‌ನಿಂದ ಆಕ್ರನ್ ವರೆಗೆ, 1827ರ ಜುಲೈ 4ರಂದು ತೆರೆಯಿತು. 1832ರಲ್ಲಿ ಪೂರ್ತಿಯಾಯಿತು. ಒಳನಾಡಿನ ಗೋಧಿ, ಹಂದಿಮಾಂಸ, ವಿಸ್ಕಿ ಎಲ್ಲವೂ ಮೋಸೆಸ್ ದಡ ಹತ್ತಿದ ಆ ನದಿಯ ಬಾಯಿಗೇ ಬಂದು ಸೇರಬೇಕಾಯಿತು. 1840ಕ್ಕೆ ಜನಸಂಖ್ಯೆ 6,071. ವಿಂಡಮ್ ಹಿಂದೆ ಬಿತ್ತು. ಆತ ಹೇಳಿದ್ದ ಮಗುವಿಗೆ ಆಗ ನಲವತ್ತು ದಾಟಿರಬೇಕು, ಮುದುಕನೂ ಆಗಿರಲಿಲ್ಲ. 1950ರ ಹೊತ್ತಿಗೆ ಅದು 9 ಲಕ್ಷ ದಾಟಿದ ಮಹಾನಗರ.

ಈ ನಡುವೆ ಊರು ಆತನ ಹೆಸರಿನಿಂದ ಒಂದು ಅಕ್ಷರ ಕಳೆದುಹಾಕಿತು. ಮೋಸೆಸ್ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲ ಭಾಗದಲ್ಲಿ ಈ ಅಕ್ಷರದ ನಂತರ ಒಂದು ಎ ಇರುತ್ತಿತ್ತು. ಈಗಿನ ನಗರದ ಹೆಸರಲ್ಲಿ ಅದಿಲ್ಲ. 1830ರ ದಶಕದ ಆರಂಭದಲ್ಲಿ ಸ್ಥಳೀಯ ಪತ್ರಿಕೆಯೊಂದರ ತಲೆಬರಹ ಪುಟದ ಅಗಲದಲ್ಲಿ ಹಿಡಿಸದಿದ್ದಾಗ ಆ ಎ ಅನ್ನು ಕಿತ್ತುಹಾಕಿದರು, ಅದೇ ರೂಢಿಯಾಯಿತು ಎಂಬುದು ಊರಲ್ಲಿ ಎಲ್ಲರೂ ಹೇಳುವ ಕಥೆ. ಎರಡೂ ಬಗೆಯ ಬರಹ ಮೊದಲಿನಿಂದಲೂ ಬಳಕೆಯಲ್ಲಿತ್ತು ಎನ್ನುವವರೂ ಇದ್ದಾರೆ. ಹೇಗೂ ಕನ್ನಡದಲ್ಲಿ ಬರೆದರೆ ಈ ತಕರಾರೇ ಇಲ್ಲ.

1888ರಲ್ಲಿ ಹಳೆಯ ನಿವಾಸಿಗಳ ಸಂಘ ಸಾರ್ವಜನಿಕ ಮೈದಾನದಲ್ಲಿ ಆತನ ಕಂಚಿನ ಪ್ರತಿಮೆ ನಿಲ್ಲಿಸಿತು. ಕೈಯಲ್ಲಿ ಕತ್ತಿಯಿಲ್ಲ, ಸರ್ವೆಯ ಕೋಲಿದೆ. ಆತ ಸತ್ತು ನೂರು ವರ್ಷವಾದಾಗ, 1906ರ ನವೆಂಬರ್‌ನಲ್ಲಿ, ನಗರದ ವಾಣಿಜ್ಯ ಮಂಡಳಿ ಕ್ಯಾಂಟರ್ಬರಿಯಲ್ಲಿರುವ ಆತನ ಸಮಾಧಿಯ ಬಳಿ ಒಂದು ಸ್ಮಾರಕ ಹಾಕಿಸಿತು. ಆತ ಊರಿಗೆ ಮತ್ತೆ ಬರದಿದ್ದರೇನು, ಊರೇ ಆತನಲ್ಲಿಗೆ ಹೋಯಿತು. ಆ ಹಳ್ಳಿಯ ಸ್ಮಶಾನಕ್ಕೂ ಆತನ ಮನೆತನದ್ದೇ ಹೆಸರು. ಅಲ್ಲಿ ಎ ಅಕ್ಷರ ಇನ್ನೂ ಹಾಗೇ ಇದೆ.